ಕರ್ನಾಟಕ ಕ್ರಾಂತಿರಂಗ: ಗಡಿಯಿಂದ ಒಂದು ವಿಮರ್ಶೆ

ರಾಜಕೀಯ ಪಕ್ಷವೊಂದರ ವಿಚಾರಕ್ಕೆ ಸಾಹಿತ್ಯ ಸಂಶೋಧನೆಯ ಸಂಚಿಕೆಯಲ್ಲಿ ಎಡೆಯುಂಟೇ ಎಂದು ವಾಚಕರು ಕೇಳಬಹುದು. ಉಂಟೆಂದೇ ನಮ್ಮ ಅಭಿಪ್ರಾಯ. ಪಕ್ಷವೆಂಬುದು ಮೊದಲು ಮಾತಿನಲ್ಲಿ ಹುಟ್ಟುತ್ತದೆ, ಆಮೇಲೆ ಮತಪೆಟ್ಟಿಗೆಗೆ ಬರುತ್ತದೆ. ಅದರ ಹೆಸರು, ಅದರ ಘೋಷಣೆ, ಅದು ಕೇಳುವ ಹಕ್ಕು, ಇವೆಲ್ಲವೂ ಭಾಷೆಯ ವ್ಯಾಪಾರಗಳೇ. ಶಿಲಾಶಾಸನದ ಒಂದು ಶಬ್ದಕ್ಕೆ ಅರ್ಥ ಹೇಳಲು ಹತ್ತು ಪುಟ ಬರೆಯುವ ನಾವು, ಇಡೀ ನಾಡಿನ ಮತವನ್ನು ಬೇಡಿದ ಮೂರು ಶಬ್ದಗಳನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ. ಆ ಮೂರು ಶಬ್ದಗಳು: ಕರ್ನಾಟಕ, ಕ್ರಾಂತಿ, ರಂಗ.

ಈ ಪಕ್ಷ ದೇವರಾಜ ಅರಸರಿಂದ ಹುಟ್ಟಿತು. 1982ರಲ್ಲಿ ಕಣ್ತೆರೆದು, ಒಂದು ವರ್ಷದ ಸುಮಾರಿಗೆ ತನ್ನ ಬೇರೆಯಾದ ಬಾಳನ್ನು ಮುಗಿಸಿತು. ಇಷ್ಟು ಅಲ್ಪಾಯುವಾದ ಸಂಸ್ಥೆಯನ್ನು ವಿಮರ್ಶಿಸುವುದರಲ್ಲಿ ಏನು ಲಾಭವೆಂದರೆ, ಅದೇ ವರ್ಷ ತುಂಗಭದ್ರೆಯ ಈಚೆ, ನಾವು ಮತ ಹಾಕುವ ಆಂಧ್ರದಲ್ಲಿ, ಇನ್ನೊಂದು ಪ್ರಾದೇಶಿಕ ಪಕ್ಷ ಹುಟ್ಟಿತು. ಅದು ಇಂದಿಗೂ ಬದುಕಿದೆ. ಒಂದೇ ನದಿಯ ಎರಡು ದಡಗಳಲ್ಲಿ, ಒಂದೇ ಹಂಗಾಮಿನಲ್ಲಿ ಬಿತ್ತಿದ ಬೀಜಗಳಲ್ಲಿ ಒಂದು ಮೊಳೆತು ಮರವಾಯಿತು, ಒಂದು ಮೊಳಕೆಯಲ್ಲೇ ಬಾಡಿತು. ಎರಡನ್ನೂ ಹತ್ತಿರದಿಂದ ನೋಡುವ ಅವಕಾಶ ಬೆಂಗಳೂರಿನ ವಿದ್ವಾಂಸನಿಗೂ ಇಲ್ಲ, ಹೈದರಾಬಾದಿನ ವಿದ್ವಾಂಸನಿಗೂ ಇಲ್ಲ. ಅದು ಆದವಾನಿ, ಆಲೂರು, ಎಮ್ಮಿಗನೂರು, ನಂದವರಗಳ ಕಡೆಯವರಿಗೆ ಮಾತ್ರ ಒದಗಿದ ಭಾಗ್ಯ. ಭಾಗ್ಯವೆಂದರೆ ಭಾಗ್ಯ, ಕರ್ಮವೆಂದರೆ ಕರ್ಮ. (ಹೊರಗಿನ ವಾಚಕರ ಸಲುವಾಗಿ ಒಂದು ಮಾತು: ಚೌಡೇಶ್ವರಿಯ ದೇವಸ್ಥಾನದಿಂದ ಪ್ರಸಿದ್ಧವಾದ ನಂದವರಂ ಬನಗಾನಪಲ್ಲೆಯ ಕಡೆಯದು. ಇಲ್ಲಿ ಹೇಳುವುದು ಎಮ್ಮಿಗನೂರಿನ ನೆರೆಯದು.)

ಮೊದಲು ಪಕ್ಷದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡುವುದು ಒಳಿತು. ಅರಸರು 1972ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಆ ಪದವಿ ಅವರಿಗೆ ದೆಹಲಿಯ ಆಶ್ರಯದಿಂದಲೇ ಬಂದುದು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ಅವರ ಕಾಲದಲ್ಲಿ. 1974ರ ಭೂಸುಧಾರಣೆಯ ತಿದ್ದುಪಡಿ, ಉಳುವವನಿಗೆ ನೆಲ ಕೊಡಿಸಲು ಏರ್ಪಟ್ಟ ನ್ಯಾಯಮಂಡಳಿಗಳು, 1975ರಲ್ಲಿ ವರದಿ ಒಪ್ಪಿಸಿದ ಹಾವನೂರು ಆಯೋಗ, ಇವೂ ಅವರ ಕಾಲದವು. 1978ರಲ್ಲಿ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಲೋಕಸಭೆಗೆ ಕಳುಹಿಸುವುದರಲ್ಲಿ ಮುಂದಾಳಾಗಿ ನಿಂತವರೂ ಅವರೇ. ಮರುವರ್ಷ ವಿರಸ ಹುಟ್ಟಿ ಅವರು ಆ ಕಾಂಗ್ರೆಸ್ಸಿನಿಂದ ಹೊರಬಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಸ್ಥಾನಗಳು ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಶಾಸಕರು ಗುಂಪುಗುಂಪಾಗಿ ಆ ಕಡೆಗೆ ನಡೆದರು, ಅರಸರು ಅಧಿಕಾರ ಬಿಟ್ಟರು, ಗುಂಡೂರಾಯರು ಮುಖ್ಯಮಂತ್ರಿಗಳಾದರು.

ಈ ಪೆಟ್ಟಿನ ಮೇಲೆ ಕಟ್ಟಿದುದು ಕ್ರಾಂತಿರಂಗ. ಅದನ್ನು ಕಟ್ಟಿದವರು 1982ರ ಜೂನ್ 6ರಂದು ತೀರಿಕೊಂಡರು. ಬಂಗಾರಪ್ಪನವರ ನಾಯಕತ್ವದಲ್ಲಿ ಪಕ್ಷ ಜನತಾ ಪಕ್ಷದೊಡನೆ ಸೇರಿ 1983ರ ಜನವರಿಯ ವಿಧಾನಸಭಾ ಚುನಾವಣೆಯನ್ನು ಎದುರಿಸಿತು. 224 ಸ್ಥಾನಗಳಲ್ಲಿ ಜನತಾ ಪಕ್ಷದ ಲೆಕ್ಕಕ್ಕೆ 95 ಬಂದವು, ಕಾಂಗ್ರೆಸ್ಸಿಗೆ 82. ಮುಖ್ಯಮಂತ್ರಿಗಳಾದವರು ರಾಮಕೃಷ್ಣ ಹೆಗಡೆಯವರು. ಬಂಗಾರಪ್ಪನವರು ಬೇಸತ್ತು ಮುಂದೆ ಕಾಂಗ್ರೆಸ್ಸಿಗೆ ಮರಳಿದರು. ಕ್ರಾಂತಿರಂಗದ ಹೆಸರು ಹಳೆಯ ಗೋಡೆಬರಹದಂತೆ ಮಳೆಗೆ ಅಳಿಸಿಹೋಯಿತು.

ಇನ್ನು ಹೆಸರಿನ ವಿಚಾರ. ಕರ್ನಾಟಕ ಎಂಬ ಮೊದಲ ಶಬ್ದ 1973ನ್ನು ನೆನಪಿಸುತ್ತದೆ. ಕ್ರಾಂತಿ ಎಂಬ ಎರಡನೆಯ ಶಬ್ದ 1974ರ ಭೂಸುಧಾರಣೆಯನ್ನೂ ಹಿಂದುಳಿದವರ ಏಳಿಗೆಯನ್ನೂ ನೆನಪಿಸುತ್ತದೆ. ಎರಡೂ ಅರಸರ ಆಡಳಿತದ ಎರಡು ದೊಡ್ಡ ಕಾರ್ಯಗಳು. ಹೀಗಿರಲು ಪಕ್ಷದ ಹೆಸರು ಅದರ ಸ್ಥಾಪಕರ ಆತ್ಮಕಥೆಯ ಸಂಗ್ರಹದಂತಿದೆ. ಅದು ಆಗಿಹೋದುದನ್ನು ಹೇಳುತ್ತದೆ; ಆಗಬೇಕಾದುದನ್ನು ಹೇಳುವುದಿಲ್ಲ. ಮೂರನೆಯದಾದ ರಂಗ ಎಂಬ ಶಬ್ದವಂತೂ ಹಲವರು ಕೂಡಿ ನಿಲ್ಲುವ ತಾಣವೆಂಬ ಅರ್ಥದಲ್ಲಿ ರಾಜಕೀಯಕ್ಕೆ ಬಂದುದು. ಕನ್ನಡದ ಕಿವಿಗೆ ಅದು ನಾಟಕದ ಅಟ್ಟವೆಂದೂ ಕೇಳಿಸುತ್ತದೆ. ಅಟ್ಟದ ಮೇಲೆ ಮುಖ್ಯ ಪಾತ್ರಧಾರಿ ಇಲ್ಲದಾದಾಗ ಪರದೆ ಇಳಿಯಿತೆಂದು ಹಾಸ್ಯಗಾರರು ಹೇಳಿದರೆ ನಾವು ಬಲವಾಗಿ ವಿರೋಧಿಸಲಾರೆವು.

ಈಗ ಈಚೆಯ ದಡದ ಹೆಸರನ್ನು ನೋಡಿರಿ: ತೆಲುಗು ದೇಶಂ. 1982ರ ಮಾರ್ಚ್ 29ರಂದು ನಂದಮೂರಿ ತಾರಕ ರಾಮರಾಯರು ಸ್ಥಾಪಿಸಿದ ಈ ಪಕ್ಷದ ಹೆಸರಿನಲ್ಲಿ ಯಾರ ಆತ್ಮಕಥೆಯೂ ಇಲ್ಲ. ತೆಲುಗುವಾರಿ ಆತ್ಮಗೌರವಂ ಎಂಬ ಅದರ ಘೋಷಣೆಯಲ್ಲಿ ನಾಯಕನ ಹೆಸರಿಲ್ಲ, ಕಾರ್ಯಕ್ರಮದ ಹೆಸರಿಲ್ಲ. ಒಂದು ಷಷ್ಠೀ ವಿಭಕ್ತಿ, ಒಂದು ಗಾಯ ಮಾತ್ರ ಇವೆ. ಗಾಯ ನಿಜವಾದುದೇ. 1978ರಿಂದ 1983ರ ಒಳಗೆ ಆಂಧ್ರಕ್ಕೆ ನಾಲ್ವರು ಮುಖ್ಯಮಂತ್ರಿಗಳು: ಚೆನ್ನಾರೆಡ್ಡಿ, ಅಂಜಯ್ಯ, ಭವನಂ ವೆಂಕಟರಾಮಿರೆಡ್ಡಿ, ಕೋಟ್ಲ ವಿಜಯಭಾಸ್ಕರರೆಡ್ಡಿ. ಅವರನ್ನು ಇರಿಸಿದುದೂ ಎತ್ತಿದುದೂ ದೆಹಲಿ. 1982ರ ಫೆಬ್ರವರಿಯಲ್ಲಿ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಅಂಜಯ್ಯನವರಿಗೆ ಆದ ಅವಮಾನದ ಕಥೆ ಹಳ್ಳಿಯ ಚಹದಂಗಡಿಗಳವರೆಗೂ ಮುಟ್ಟಿತು. ನಾಲ್ಕನೆಯವರಾದ ವಿಜಯಭಾಸ್ಕರರೆಡ್ಡಿಯವರು ನಮ್ಮ ಕರ್ನೂಲು ಜಿಲ್ಲೆಯವರೇ. ಜಿಲ್ಲೆಯ ಮಗ ಮುಖ್ಯಮಂತ್ರಿಯ ಗಾದಿಯಲ್ಲಿದ್ದಾಗಲೇ ಆ ಘೋಷಣೆ ಅವರ ಪಕ್ಷವನ್ನು ಕೊಚ್ಚಿಕೊಂಡು ಹೋಯಿತೆಂಬುದು ಮಾತಿನ ಬಲವನ್ನು ತೋರಿಸುತ್ತದೆ. ಆಂಧ್ರದ 294 ಸ್ಥಾನಗಳಲ್ಲಿ ಇನ್ನೂರಕ್ಕೆ ಮೇಲ್ಪಟ್ಟವು ಒಂಬತ್ತು ತಿಂಗಳ ಶಿಶುವಾದ ಪಕ್ಷದ ಪಾಲಾದವು.

ಕರ್ನಾಟಕದ ಗಾಯ ಇದಕ್ಕಿಂತ ಕಡಿಮೆಯದೇ? ಅಲ್ಲ. ದೆಹಲಿಯ ಗಾಳಿ ತಿರುಗಿದೊಡನೆ ಶಾಸಕರ ಮಂದೆ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ನಡೆದುದು ಅಲ್ಲಿಯೂ ಆಯಿತು. ಅಲ್ಲಿ ಅದನ್ನು ಅರಸರಿಗೆ ಆದ ದ್ರೋಹವೆಂದು ಹೇಳಿದರು. ಇಲ್ಲಿ ಅದನ್ನು ತೆಲುಗರಿಗೆ ಆದ ಅವಮಾನವೆಂದು ಹೇಳಿದರು. ವ್ಯಾಕರಣದ ಈ ಭೇದದಲ್ಲಿಯೇ ಎರಡು ಪಕ್ಷಗಳ ಆಯುಸ್ಸು ಬರೆದಿತ್ತೆಂದು ನಮಗೆ ತೋರುತ್ತದೆ.

ಕ್ರಾಂತಿರಂಗ ಅಳಿದುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ. ಅರಸರು ಕಾಲವಾದರು, ಆದುದರಿಂದ ಪಕ್ಷ ಕಾಲವಾಯಿತು ಎಂಬುದು ಒಂದು. ರಾಮರಾಯರು 1996ರ ಜನವರಿಯಲ್ಲಿ ತೀರಿಕೊಂಡ ಮೇಲೂ ಅವರ ಪಕ್ಷ ಉಳಿದಿರುವಾಗ ಈ ಕಾರಣ ಸಾಲದು. ಕನ್ನಡಿಗರು ನಿರಭಿಮಾನಿಗಳು, ಅವರಿಗೆ ನಾಡಿನ ಪಕ್ಷ ಹಿಡಿಸದು ಎಂಬುದು ಇನ್ನೊಂದು. ಇದು ವೇದಿಕೆಗಳಲ್ಲಿ ತೇಯ್ದು ತೇಯ್ದು ನುಣುಪಾದ ಮಾತು; ಮಾತಿನ ನುಣುಪು ಸತ್ಯಕ್ಕೆ ಪ್ರಮಾಣವಲ್ಲ. ಕ್ರಾಂತಿರಂಗ ಹುಟ್ಟಿದ 1982ರಲ್ಲಿಯೇ ಗೋಕಾಕ್ ವರದಿಯ ಜಾರಿಗಾಗಿ ಕರ್ನಾಟಕದ ಊರೂರುಗಳಲ್ಲಿ ಜನ ಬೀದಿಗಿಳಿದಿದ್ದರು. ಡಾ. ರಾಜಕುಮಾರರು ಆ ಚಳವಳಿಗೆ ಬಂದಾಗ ಸೇರಿದ ಜನಸಾಗರವನ್ನು ಕಂಡವರು ಕನ್ನಡಿಗರ ಅಭಿಮಾನವನ್ನು ಸಂದೇಹಿಸಲಾರರು. ಅಭಿಮಾನವಿತ್ತು, ಆದರೆ ಅದು ಸಾಹಿತಿಗಳ ಮತ್ತು ಕಲಾವಿದರ ಹಿಂದೆ ಹೋಯಿತು, ಕ್ರಾಂತಿರಂಗದ ಹಿಂದೆ ಹೋಗಲಿಲ್ಲ. ಅರಸರ ಶಕ್ತಿ ಇದ್ದುದು ಉಳುವವರ ಮತ್ತು ಹಿಂದುಳಿದವರ ಋಣದಲ್ಲಿ. ಭಾಷೆಯ ಆವೇಶ ಒಂದು ಕಾಲುವೆಯಲ್ಲಿ ಹರಿಯಿತು, ಸಾಮಾಜಿಕ ನ್ಯಾಯದ ಆಸೆ ಇನ್ನೊಂದು ಕಾಲುವೆಯಲ್ಲಿ. ಎರಡನ್ನೂ ಒಂದು ಕೆರೆಗೆ ತಿರುಗಿಸಬಲ್ಲ ವಾಕ್ಯವನ್ನು ಕ್ರಾಂತಿರಂಗ ರಚಿಸಲಿಲ್ಲ. ನಾಡಿನ ಹೆಸರನ್ನು ಅದು ಹೊತ್ತಿತು. ನಾಡಿನ ಹಕ್ಕೇನೆಂಬುದನ್ನು ಜನರ ಬಾಯಲ್ಲಿ ನಿಲ್ಲುವಂತೆ ಹೇಳಲಿಲ್ಲ. ಇದೇ ಅದರ ಮೇಲೆ ನಮ್ಮ ಮುಖ್ಯ ಆಕ್ಷೇಪ.

ಸೋಜಿಗವೆಂದರೆ, ಹಕ್ಕಿನ ವಾದ ಮಂಡನೆಯಾದುದು ಕ್ರಾಂತಿರಂಗ ಜನತಾ ಪಕ್ಷದಲ್ಲಿ ಕರಗಿದ ಮೇಲೆ. 1983ರ ಮಾರ್ಚ್ 20ರಂದು ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಸಭೆ ನಡೆಸಿದರು; ತಾರಕ ರಾಮರಾಯರೂ ರಾಮಚಂದ್ರನ್ನರೂ ಬಂದಿದ್ದರು. ಅದೇ ತಿಂಗಳಲ್ಲಿ ಕೇಂದ್ರ ಸರಕಾರ ಸರ್ಕಾರಿಯಾ ಆಯೋಗವನ್ನು ಘೋಷಿಸಬೇಕಾಯಿತು. ಅದರ ವರದಿ 1988ರಲ್ಲಿ ಹೊರಬಂದಿತು. 1984ರ ಆಗಸ್ಟಿನಲ್ಲಿ ರಾಮರಾಯರ ಸರಕಾರವನ್ನು ರಾಜ್ಯಪಾಲರು ತೆಗೆದುಹಾಕಿದಾಗ ಅವರ ಶಾಸಕರಿಗೆ ಆಶ್ರಯ ಸಿಕ್ಕಿದುದು ಕರ್ನಾಟಕದಲ್ಲಿ; ಒಂದು ತಿಂಗಳಲ್ಲಿ ಅವರು ಮತ್ತೆ ಗಾದಿಗೆ ಬಂದರು. 1989ರ ಏಪ್ರಿಲಿನಲ್ಲಿ ವಜಾ ಆದ ಎಸ್. ಆರ್. ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು, 356ನೆಯ ಅನುಚ್ಛೇದವನ್ನು ಮನಬಂದಂತೆ ಬಳಸದ ಹಾಗೆ ಕೇಂದ್ರದ ಕೈಯನ್ನು ಹಿಡಿಯಿತು. ಬಹುಮತದ ಪರೀಕ್ಷೆ ಸದನದಲ್ಲಿ ಆಗಬೇಕು, ರಾಜಭವನದಲ್ಲಲ್ಲ ಎಂಬುದು ಅದರಿಂದ ಸ್ಥಿರವಾಯಿತು. ರಾಜ್ಯಗಳ ಹಕ್ಕಿಗೆ ಕರ್ನಾಟಕ ಕೊಟ್ಟ ಅತಿ ದೊಡ್ಡ ಕಾಣಿಕೆ ಇದು. ಅದನ್ನು ಕೊಟ್ಟುದು ನಾಡಿನ ಹೆಸರಿಲ್ಲದ ಪಕ್ಷವೊಂದರ ಮುಖ್ಯಮಂತ್ರಿ. ಹೆಸರಿದ್ದಲ್ಲಿ ವಾದವಿರಲಿಲ್ಲ, ವಾದವಿದ್ದಲ್ಲಿ ಹೆಸರಿರಲಿಲ್ಲ.

ಆಮೇಲೆ ಬಂದ ಹೆಸರುಗಳನ್ನು ಬೇಗ ದಾಟಿಬಿಡಬಹುದು. 1994ರಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷಕ್ಕೆ ಹತ್ತು ಸ್ಥಾನಗಳು. ಅನಂತರ ಅವರದೇ ಕರ್ನಾಟಕ ವಿಕಾಸ ಪಕ್ಷ. 2004ರಲ್ಲಿ ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷಕ್ಕೆ ಒಂದು ಸ್ಥಾನ. ಇವುಗಳಲ್ಲಿ ನಾಡಿನ ಹೆಸರು ವಿಶೇಷಣ, ನಾಯಕನ ಮುನಿಸು ವಿಶೇಷ್ಯ.

ಇಷ್ಟು ಹೇಳಿದ ಮಾತ್ರಕ್ಕೆ ತೆಲುಗು ದೇಶದ ಘೋಷಣೆಯನ್ನು ನಾವು ಪೂರ್ತಿ ಮೆಚ್ಚಿದೆವೆಂದು ತಿಳಿಯಬಾರದು. ಕವಿತೆಯ ಸಾಲು ಚೆನ್ನಾಗಿದ್ದರೂ ಅದು ಯಾರನ್ನು ಕುರಿತು ಹಾಡುತ್ತದೆಂದು ವಿಮರ್ಶಕ ಕೇಳಬೇಕಷ್ಟೆ. ತೆಲುಗುವಾರಿ ಎಂಬ ಷಷ್ಠಿಯಲ್ಲಿ ನಾವು ಇದ್ದೇವೆಯೇ? ಆದವಾನಿ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯದು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ಬಳ್ಳಾರಿ ತಾಲೂಕಿನ ವ್ಯಾಜ್ಯವನ್ನು ನ್ಯಾಯಮೂರ್ತಿ ಮಿಶ್ರರು ವಿಚಾರಿಸಿದರು. ನಮ್ಮ ಮೂರು ತಾಲೂಕುಗಳ ವಿಷಯದಲ್ಲಿ ಅಂತಹ ವಿಚಾರಣೆಯೂ ನಡೆಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಅಣೆಕಟ್ಟಿನ ಕಾರಣವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪೆಗಳನ್ನೂ ಆಂಧ್ರಕ್ಕೆ ಕೊಡಬೇಕೆಂದಿತು, ಅದು ನಡೆಯಲಿಲ್ಲ. ಅಂತೂ ನೀರು, ನೆಲ, ನುಡಿ ಎಂಬ ಮೂರು ತೂಕದ ಕಲ್ಲುಗಳಿಂದ ನಮ್ಮನ್ನು ಬೇರೆಬೇರೆಯವರು ಬೇರೆಬೇರೆ ಕಾಲದಲ್ಲಿ ತೂಗಿದರು.

ಹೀಗೆ ತೂಗಿಸಿಕೊಂಡವನಿಗೆ ಎರಡು ದಡಗಳ ಎರಡು ಹೆಸರುಗಳಲ್ಲಿಯೂ ಅರ್ಧ ಪಾಲು. ತೆಲುಗು ಎಂಬುದು ನುಡಿಯ ಹೆಸರು: ಅವನು ಆ ನೆಲದವನಾದರೂ ಮನೆಯಲ್ಲಿ ಆ ನುಡಿಯವನಲ್ಲ. ಕರ್ನಾಟಕ ಎಂಬುದು ನೆಲದ ಹೆಸರು: ಅವನು ಆ ನುಡಿಯವನಾದರೂ ಆ ನೆಲದವನಲ್ಲ. ವಿಜಯದಾಸರ ಚಿಪ್ಪಗಿರಿಯನ್ನೂ ರಾಘವೇಂದ್ರಸ್ವಾಮಿಗಳ ಮಂತ್ರಾಲಯವನ್ನೂ ಕನ್ನಡದ ಭಾಷಣಕಾರರು ತಪ್ಪದೆ ಸ್ಮರಿಸುತ್ತಾರೆ. ಆ ಊರುಗಳ ಸುತ್ತ ಕನ್ನಡ ಶಾಲೆಗಳೂ ಉಂಟೆಂಬುದನ್ನು ಅಷ್ಟಾಗಿ ಸ್ಮರಿಸುವುದಿಲ್ಲ. ದೇವರ ದರ್ಶನಕ್ಕೆ ಬಂದವರು ಮಧ್ಯಾಹ್ನದ ಬಸ್ಸು ಹಿಡಿಯಬೇಕು, ಪಾಪ.

ಇಲ್ಲಿಗೆ ರಾಜ್ಯಗಳ ಹಕ್ಕು ಎಂಬ ಮಾತಿನ ಒಳಗುಟ್ಟಿಗೆ ಬಂದೆವು. ಹಕ್ಕು ದೆಹಲಿಯಿಂದ ಹೊರಟು ರಾಜಧಾನಿಗೆ ಬರುತ್ತದೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ಹೊರದೇಶದ ಒಂದು ನಿದರ್ಶನ ಇಲ್ಲಿ ಕಣ್ಣು ತೆರೆಸುವಂತಹುದು. ಅಮೆರಿಕೆಯಲ್ಲಿ 1948ರ ಜುಲೈಯಲ್ಲಿ ಅಧ್ಯಕ್ಷ ಟ್ರೂಮನ್ನರ ಪಕ್ಷವನ್ನು ಒಡೆದು ದಕ್ಷಿಣದವರು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸೇರಿ ಒಂದು ಪಕ್ಷ ಕಟ್ಟಿದರು. ಅದರ ಹೆಸರಿನಲ್ಲಿಯೇ ರಾಜ್ಯಗಳ ಹಕ್ಕು ಎಂಬ ಮಾತಿತ್ತು. ದಕ್ಷಿಣ ಕೆರೊಲಿನಾದ ಗವರ್ನರ್ ಸ್ಟ್ರಾಮ್ ಥರ್ಮಂಡ್ ಅದರ ಅಭ್ಯರ್ಥಿ. ನಾಲ್ಕು ರಾಜ್ಯಗಳನ್ನು ಗೆದ್ದು 39 ಚುನಾಯಕ ಮತಗಳನ್ನು ಪಡೆದ ಆ ಪಕ್ಷ ಚುನಾವಣೆಯೊಡನೆ ಮುಗಿದುಹೋಯಿತು. ಅದು ಕೇಳಿದ ಹಕ್ಕು ಯಾವುದು? ಕರಿಯ ಜನರನ್ನು ಬೇರೆ ಶಾಲೆಯಲ್ಲಿ, ಬೇರೆ ಬಂಡಿಯಲ್ಲಿ, ಮತಪತ್ರದಿಂದ ದೂರದಲ್ಲಿ ಇರಿಸುವ ಅಧಿಕಾರವನ್ನು ಕೇಂದ್ರ ಮುಟ್ಟಬಾರದು ಎಂಬುದು. ಅಲ್ಲಿ ರಾಜ್ಯದ ಹಕ್ಕು ರಾಜ್ಯದೊಳಗಿನ ದುರ್ಬಲನ ಕೊರಳ ಮೇಲೆ ಕಾಲಿಟ್ಟಿತ್ತು.

ನಮ್ಮ ದೇಶದ ಪ್ರಾದೇಶಿಕ ಪಕ್ಷಗಳನ್ನು ಆ ಪಕ್ಷಕ್ಕೆ ಹೋಲಿಸುವುದು ಅನ್ಯಾಯ. ಹಾಗೆ ಹೋಲಿಸುವುದು ನಮ್ಮ ಉದ್ದೇಶವೂ ಅಲ್ಲ. ಅರಸರ ಕ್ರಾಂತಿಯೆಂಬ ಶಬ್ದದಲ್ಲಿ ರಾಜ್ಯದೊಳಗಿನ ದುರ್ಬಲನಿಗೇ ಮೊದಲ ಪೀಠವಿತ್ತೆಂಬುದನ್ನು ಮರೆಯಲಾಗದು. ಆ ಗುಣದಲ್ಲಿ ಅದು ನಾವು ಕಂಡ ಎಲ್ಲ ಪ್ರಾದೇಶಿಕ ಹೆಸರುಗಳಿಗಿಂತ ಮೇಲು. ಹೆಗಡೆಯವರ ಸರಕಾರ ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯಿತಿಗಳನ್ನೂ ಏರ್ಪಡಿಸಿ, ದೆಹಲಿಯಿಂದ ಕೇಳಿದ ಅಧಿಕಾರದಲ್ಲಿ ಸ್ವಲ್ಪವನ್ನು ಕೆಳಕ್ಕೆ ಇಳಿಸಿತು. ಆಂಧ್ರದಲ್ಲಿ 1985ರಲ್ಲಿ ತಾಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದರು. ನಂದವರಂ ಮಂಡಲಕೇಂದ್ರವೆನಿಸಿದುದು ಈ ಏರ್ಪಾಡಿನ ಫಲ. ಕಚೇರಿ ಹತ್ತಿರ ಬಂದಿತು. ಕಚೇರಿಯ ನುಡಿ ಹತ್ತಿರ ಬರಲಿಲ್ಲ.

ಹಕ್ಕಿನ ಇನ್ನೊಂದು ಮುಖ ಕಂಡುದು 1991ರಲ್ಲಿ. ಹಿಂದೆ ಕ್ರಾಂತಿರಂಗದ ನಾಯಕರಾಗಿದ್ದ ಬಂಗಾರಪ್ಪನವರು ಆಗ ಕಾಂಗ್ರೆಸ್ಸಿನ ಮುಖ್ಯಮಂತ್ರಿಗಳು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ತಡೆಯಲು ಜುಲೈಯಲ್ಲಿ ಅವರು ತಂದ ಸುಗ್ರೀವಾಜ್ಞೆ, ಒಂದು ರಾಜ್ಯ ತನ್ನ ಹಕ್ಕೆಂದು ಮಾಡಿದ ಸಾಹಸಗಳಲ್ಲಿ ಮುಖ್ಯವಾದುದು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ಸಂವಿಧಾನಕ್ಕೆ ವಿರುದ್ಧವೆಂದಿತು. ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರ ಮನೆಗಳಿಗೆ ಬೆಂಕಿ ಬಿದ್ದಿತು. ಆ ದಿನಗಳ ಪತ್ರಿಕೆಗಳನ್ನು ಗಡಿಯ ಕನ್ನಡಿಗನು ಕಾವೇರಿಯ ಅಭಿಮಾನದಿಂದ ಮಾತ್ರ ಓದಲಾರನು. ಬೇರೆ ನುಡಿಯ ರಾಜ್ಯದಲ್ಲಿ ಬಾಡಿಗೆ ಮನೆಯಲ್ಲಿರುವವನ ಕಣ್ಣಿನಿಂದಲೂ ಓದಬೇಕಾಗುತ್ತದೆ.

ಉಪಾಧ್ಯಾಯರಾದ ನಮಗೆ ಈ ತೊಡಕು ದಿನನಿತ್ಯದ್ದು. 1976ರ 42ನೆಯ ತಿದ್ದುಪಡಿ ವಿದ್ಯಾಭ್ಯಾಸವನ್ನು ರಾಜ್ಯಗಳ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಸೇರಿಸಿತು. ರಾಜ್ಯಗಳ ಹಕ್ಕನ್ನು ಎತ್ತಿಹಿಡಿಯುವವರು ಇದನ್ನು ಅನ್ಯಾಯವೆನ್ನುತ್ತಾರೆ. ತತ್ವದ ದೃಷ್ಟಿಯಿಂದ ನಾವೂ ಅನ್ನುತ್ತೇವೆ. ಆದರೆ ನಮ್ಮ ಮಗುವಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಕಲ್ಪಿಸಬೇಕೆಂದು ರಾಜ್ಯಕ್ಕೆ ಹೇಳುವ 350 ಎ ಅನುಚ್ಛೇದ ಬಂದುದು 1956ರ ಏಳನೆಯ ತಿದ್ದುಪಡಿಯಿಂದ, ಅಂದರೆ ದೆಹಲಿಯಿಂದ. ಆ ಬಗ್ಗೆ ರಾಜ್ಯಕ್ಕೆ ನಿರ್ದೇಶ ಕೊಡುವ ಅಧಿಕಾರವಿರುವುದು ರಾಷ್ಟ್ರಪತಿಗಳಿಗೆ. ಭಾಷಾ ಅಲ್ಪಸಂಖ್ಯಾತರ ಕಮಿಷನರ ಹುದ್ದೆಯೂ ಅದೇ ತಿದ್ದುಪಡಿಯ ಸಂತಾನ. 2019ರ ನವೆಂಬರಿನಲ್ಲಿ ಆಂಧ್ರ ಸರಕಾರ ಸರಕಾರೀ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟುದು ರಾಜ್ಯದ ಅಧಿಕಾರದಿಂದಲೇ. 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಆಚೆಯ ಕರ್ನಾಟಕ ಕೂಡ 1994ರ ಆದೇಶದಿಂದ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡಲು ಹೋಗಿ, ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂಬ ತೀರ್ಪನ್ನು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಪಡೆಯಿತು. 2010ರ ಕಾಯಿದೆಯಿಂದ ಏರ್ಪಟ್ಟ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಶಾಲೆಗಳತ್ತಲೂ ಕೈ ಚಾಚುತ್ತದೆ. ಸಂತೋಷ. ಅದು ನೆರವು, ಹಕ್ಕಲ್ಲ.

ಆದುದರಿಂದ ಪ್ರಾದೇಶಿಕ ಪಕ್ಷವೊಂದರ ಬರಹವನ್ನು ಓದುವಾಗ ಅದು ದೆಹಲಿಗೆ ಏನು ಹೇಳುತ್ತದೆಂಬ ಪುಟವನ್ನು ಮಾತ್ರ ನೋಡಿದರೆ ಸಾಲದು. ತನ್ನ ಎಲ್ಲೆಯೊಳಗಿನ ಬೇರೆ ನುಡಿಯವನಿಗೆ ಏನು ಹೇಳುತ್ತದೆಂಬ ಪುಟವನ್ನೂ ಹುಡುಕಬೇಕು. ಕಾಸರಗೋಡಿನ ಕನ್ನಡಿಗರು ಈ ಪುಟವನ್ನು ತಾವೇ ಬರೆಯಲು ನೋಡಿದರು: 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಕೇರಳದ ಸಭೆಗೆ ಹೋದರು. 1960ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಹೋದರು. ಅವರು ಕೇಳಿದುದು ಕರ್ನಾಟಕಕ್ಕೆ ಸೇರುವುದನ್ನು. ಸೇರುವುದು ಆಗದಿದ್ದಲ್ಲಿ ಇದ್ದಲ್ಲೇ ಇರುವ ಹಕ್ಕೇನೆಂಬುದು ಅಲ್ಲಿಯೂ ಇಲ್ಲಿಯೂ ಅರ್ಧ ಬರೆದ ಪುಟ.

ಈ ವಿಷಯದಲ್ಲಿ ನಮ್ಮ ಸಂಘದ ಉಪಾಧ್ಯಾಯರಿಗೆ ಮಾಡಬಹುದಾದ ಒಂದು ಕೆಲಸವಿದೆ. 1982 ಮತ್ತು 1983ರ ಚುನಾವಣೆಯ ಕರಪತ್ರಗಳು, ಗೋಡೆಪತ್ರಗಳು, ಸಭೆಯ ಆಹ್ವಾನಗಳು ಹಳೆಯ ಟ್ರಂಕುಗಳಲ್ಲಿಯೂ, ಅಚ್ಚುಕೂಟಗಳ ಅಟ್ಟದ ಮೇಲೆಯೂ, ಪುಸ್ತಕಕ್ಕೆ ಹಾಕಿದ ಹೊದಿಕೆಯಾಗಿಯೂ ಇನ್ನೂ ಉಳಿದಿರಬಹುದು. ಸಿರುಗುಪ್ಪೆ, ರಾಯಚೂರುಗಳ ಕಡೆಯ ಕನ್ನಡ ಹಾಳೆಯನ್ನೂ ಆದವಾನಿ, ಎಮ್ಮಿಗನೂರುಗಳ ಕಡೆಯ ತೆಲುಗು ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಎರಡು ಪಕ್ಷಗಳ ಮಾತಿನ ಗುಣ ಇನ್ನಷ್ಟು ಸ್ಪಷ್ಟವಾದೀತು. ಅವುಗಳಲ್ಲಿ ಮೊದಲು ಹುಡುಕಬೇಕಾದುದು, ಈ ತಾಲೂಕುಗಳಲ್ಲಿ ತೆಲುಗು ಪಕ್ಷ ಮತ ಕೇಳಲು ಕನ್ನಡದಲ್ಲಿ ಅಚ್ಚು ಹಾಕಿಸಿದ ಕರಪತ್ರ. ಅಂತಹುದು ಯಾರಲ್ಲಿಯಾದರೂ ಇದ್ದರೆ, ಹರಿದಿದ್ದರೂ ಚಿಂತೆಯಿಲ್ಲ, ಎಸೆಯದೆ ಸಂಘಕ್ಕೆ ತಲುಪಿಸಬೇಕೆಂದು ಕೋರುತ್ತೇವೆ.